ಕುದುರೆಯಂತೆ ಹಾರಿದ ರಾಜ

ನಾನು ಶಾಲೆ ಬಿಟ್ಟದ್ದು ೧೯೫೮ರಲ್ಲಿ, ಏಳನೇ ಕ್ಲಾಸಿನ ನಡುವೆ. ಆಗೆಲ್ಲ ಬಂಟ್ವಾಳದಲ್ಲಿ ಪುಸ್ತಕ ಕೆಳಗಿಟ್ಟ ಕೈಗೆ ಮರುದಿನವೇ ಬೀಡಿ ಎಲೆಯ ಕತ್ತರಿ ಸಿಗುತ್ತಿತ್ತು. ನಾನು ಕಟ್ಟಿದ ಬೀಡಿ ಒಂದೂ ಸರಿಯಿಲ್ಲವೆಂದು ವಾಪಸು ಬಂದದ್ದಿಲ್ಲ. ಸಂಜೆ ವಾಚನಾಲಯದ ಚದುರಂಗ ಕೂಟದಲ್ಲಿ ದೊಡ್ಡವರನ್ನೆಲ್ಲ ಸೋಲಿಸುತ್ತಿದ್ದೆ.

ಆ ವರ್ಷ ಮೂಡಬಿದಿರೆಯ ಕೂಟದೊಂದಿಗೆ ಪಂದ್ಯ ಬಂತು. ಅಲ್ಲಿಯ ಮೊದಲ ಆಟಗಾರ ಹೈಸ್ಕೂಲಿನ ಮಾಸ್ಟ್ರು. ಅವರು ಸೋತದ್ದನ್ನು ಕಂಡವರಿಲ್ಲ.

"ಶಾಲೆ ಬಿಟ್ಟವನನ್ನು ಮಾಸ್ಟ್ರ ಎದುರು ಕೂರಿಸುವುದಾ? ನಗ್ತಾರೆ ಮಾರಾಯ," ಎಂದರು ನಮ್ಮವರು.

ಕೂಟದ ಹಿರಿಯ, ಟೈಲರ್ ರಾಮಣ್ಣನಿಗೆ ಸಿಟ್ಟು ಬಂತು. "ಇವನೇ ಆಡ್ಲಿ. ಸೋತರೆ ಮತ್ತೆ ಮಣೆ ಮುಟ್ಟುವುದಿಲ್ಲ. ಆಯ್ತಲ್ಲ?"

ನನ್ನನ್ನು ಕೇಳದೆಯೇ ಮಾತು ಕೊಟ್ಟುಬಿಟ್ಟಿದ್ದರು!

ಮೂಡಬಿದಿರೆಯಲ್ಲಿ ಮೊದಲು ಬಿಸಿ ಗೋಳಿಬಜೆ, ಚಹಾ. ಹೆದರಿಕೆಯಲ್ಲೂ ಏಳು ತಿಂದೆ.

"ಯಾವ ಕ್ಲಾಸು ನೀನು?" ಮಾಸ್ಟ್ರು ಕೇಳಿದರು.

"ಬೀಡಿ ಕಟ್ತೇನೆ ಮಾಸ್ಟ್ರೇ."

"ಹಾಗಾದರೆ ನಿಮ್ಮ ಊರಿನ ಕ್ರಮದಲ್ಲೇ ಆಡುವ. ನನಗೆ ಎಲ್ಲ ಒಂದೇ."

ನಮ್ಮ ಕ್ರಮದಲ್ಲಿ, ಒಮ್ಮೆಯೂ 'ಶಾ', ಅಂದರೆ ಚೆಕ್, ಎನಿಸಿಕೊಳ್ಳದ ರಾಜ ಇಡೀ ಆಟದಲ್ಲಿ ಒಂದು ಸಲ ಕುದುರೆಯಂತೆ ಹಾರಬಹುದು. ಹಾಗಾಗಿ ನಾವು ಒಂದು ನಡೆ ದಂಡವಾದರೂ ಚಿಂತೆಯಿಲ್ಲವೆಂದು ಎದುರಿನ ರಾಜನಿಗೆ ಮೊದಲೇ ಶಾ ಹೇಳಿಬಿಡುತ್ತಿದ್ದೆವು. ಮಾಸ್ಟ್ರು ಕಲಿತದ್ದು ಪುಸ್ತಕದಿಂದ. ಅದರಲ್ಲಿ ಈ ಹಾರಾಟ ಇರಲಿಲ್ಲ.

ಒಂದು ಗಂಟೆಯಲ್ಲಿ ನನ್ನ ರಾಜ ಮೂಲೆಗೆ ಬಿದ್ದಿದ್ದ, ಸುತ್ತ ನನ್ನವೇ ಕಾಲಾಳುಗಳು. ಮಾಸ್ಟ್ರ ಕೈ ಒಂಟೆಯ ಮೇಲೆ ಹೋಯಿತು. ಅದುವರೆಗೆ ಒಮ್ಮೆಯೂ ಹೇಳದ ಶಾ ಈಗ ಹೇಳಿದರೆ ನನ್ನ ರಾಜ ಹಾರುವಂತಿಲ್ಲ. ಅವರು ಕೈ ಹಿಂದೆಗೆದುಕೊಂಡರು. "ಸುಮ್ಮನೆ ಶಾ ಹೇಳುವುದು ಮಕ್ಕಳಾಟ," ಎಂದು ಆನೆಯನ್ನು ಹತ್ತಿರ ತಂದರು. ಇನ್ನೊಂದು ನಡೆಗೆ ನಾನು ಮುಗಿಯುತ್ತಿದ್ದೆ.

ನಾನು ರಾಜನನ್ನು ಎತ್ತಿ ಕಾಲಾಳುಗಳ ಆಚೆ ಹಾರಿಸಿದೆ.

"ಏ, ಇದೆಂಥದು?"

"ನಮ್ಮ ಕ್ರಮ, ಮಾಸ್ಟ್ರೇ."

ಅವರ ಬಲವೆಲ್ಲ ನನ್ನ ಖಾಲಿ ಮೂಲೆಯಲ್ಲಿತ್ತು. ಅವರ ರಾಜ ಒಬ್ಬನೇ. ನಾಲ್ಕು ನಡೆಯಲ್ಲಿ ಆಟ ಮುಗಿಯಿತು. ಮಾಸ್ಟ್ರು ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನೀನು ನನ್ನ ಕ್ಲಾಸಿನಲ್ಲಿರಬೇಕಿತ್ತು!"

"ನೀವೇ ಬಂಟ್ವಾಳಕ್ಕೆ ಬನ್ನಿ, ನಾನು ಕಲಿಸ್ತೇನೆ."

ರಾಮಣ್ಣ ನನ್ನ ತಲೆಗೊಂದು ಮೊಟಕಿದರು. ಮಾಸ್ಟ್ರು ಮುಂದಿನ ಆದಿತ್ಯವಾರ ನಿಜವಾಗಿಯೂ ಬಸ್ಸಿಳಿದು ಬಂದರು. ಆಮೇಲೆ ಹತ್ತು ವರ್ಷ ಬರುತ್ತಲೇ ಇದ್ದರು. ಕೂಟದ ಮೊದಲ ಮಣೆ ಅಷ್ಟೂ ವರ್ಷ ನನ್ನದೇ.

ಈಗ ನನಗೆ ದುಡಿದು ಕಟ್ಟಿದ ಮನೆ ಒಂದು, ಅಂಗಡಿ ಎರಡು, ಮಕ್ಕಳು ಮೂವರು, ಮೊಮ್ಮಕ್ಕಳು ಐವರು. ಎದುರು ಕೂತು ನಮ್ಮ ಕ್ರಮದಲ್ಲಿ ಆಡುವವರು ಒಬ್ಬರೂ ಇಲ್ಲ.