ಅತ್ತಿಗೆ ಹಿಡಿದ ಚಿಂವ್ ಚಿಂವ್

ನಮ್ಮ ಅತ್ತಿಗೆಯ ವಿಷಯ ಎತ್ತಿದರೆ ನನಗೆ ಸ್ವಲ್ಪ ಜಂಬ ಬರುತ್ತದೆ. ಬರಲಿ ಬಿಡಿ, ಸುಮ್ಮಸುಮ್ಮನೆ ಬಂದದ್ದಲ್ಲ ಅದು. ಅಪ್ಪನ ಗ್ಯಾರೇಜಿನಲ್ಲಿ ಬಿಲ್ಲು ಬರೆಯುವವಳು ನಾನು. ಅಣ್ಣ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾನೆ. ಪಂಕ್ಚರಾದ ಚಕ್ರ ಬಿಚ್ಚಲೂ ಅವನಿಗೆ ಬಾರದು. ಅವನ ಹೆಂಡತಿಯೋ, ಮದುವೆಗೆ ಮುಂಚೆ ಆರು ವರ್ಷ ನೂಲಿನ ಗಿರಣಿಯಲ್ಲಿ ದುಡಿದವಳು. ಅಷ್ಟೂ ಯಂತ್ರಗಳ ಗದ್ದಲದಲ್ಲಿ ಯಾವುದರ ಬೆಲ್ಟು ಕೆಟ್ಟಿದೆಯೆಂದು ನಿಂತಲ್ಲೇ ಹೇಳುತ್ತಿದ್ದಳಂತೆ.

ಮದುವೆಯಾದ ಮೇಲೆ ನಾಲ್ಕು ವರ್ಷ ಅಪ್ಪನ ಪಕ್ಕ ನಿಂತು ಕೆಲಸ ಕಲಿತಳು. ಆದರೂ ಒಂದು ಗಾಡಿಯನ್ನೂ ಅಪ್ಪ ಅವಳೊಬ್ಬಳ ಕೈಗೆ ಬಿಟ್ಟಿರಲಿಲ್ಲ. "ಗಿರಾಕಿ ಒಪ್ಪಲ್ಲಮ್ಮ" ಎನ್ನುತ್ತಿದ್ದರು. ಗಿರಾಕಿಯಂತೆ ಗಿರಾಕಿ! ಒಪ್ಪದೆ ಇದ್ದವರು ಇವರೇ.

ಆಗ ಬಂತು ನೋಡಿ ಡ್ರೈವಿಂಗ್ ಸ್ಕೂಲಿನ ಕಾರು, ನಾಲ್ಕನೇ ಸಲ. ಮೊದಲ ಸಲ ಬಂದಾಗ, ಎಂಜಿನ್ನಿನ ಬೆಲ್ಟು ಸುತ್ತುವ ಗಾಲಿಗಳಲ್ಲಿ ಗೊರಗೊರ ಎನ್ನುತ್ತಿದ್ದ ಸಣ್ಣ ಪುಲ್ಲಿಯೊಂದನ್ನು ಅಪ್ಪ ಬದಲಾಯಿಸಿದ್ದರು. ಗೊರಗೊರ ಹೋಯಿತು, ಚಿಂವ್ ಚಿಂವ್ ಬಂತು. ಬಾನೆಟ್ಟಿನೊಳಗೆ ಗುಬ್ಬಿ ಸಂಸಾರ ಹೂಡಿದ ಹಾಗೆ. ಆಮೇಲೆ ಎರಡು ಸಲ ಹೊಸ ಬೆಲ್ಟು ಹಾಕಿದ್ದಾಯಿತು. ಎರಡು ದಿನ ತೆಪ್ಪಗಿದ್ದು ಮತ್ತೆ ಅದೇ ರಾಗ.

"ಕಲಿಯೋಕೆ ಬಂದೋರು ಹೆದರ್ತಾರೆ ಮೇಸ್ತ್ರಿ. ಇವತ್ತು ಆಗ್ಲಿಲ್ಲ ಅಂದ್ರೆ ನಾನು ಬೇರೆ ಕಡೆ ನೋಡ್ಕೋತೀನಿ" ಎಂದರು ಸ್ಕೂಲಿನವರು.

ಅಪ್ಪ ಮತ್ತೊಂದು ಬೆಲ್ಟಿಗೆ ಕೈ ಹಾಕಿದರು. ಅತ್ತಿಗೆ ಅಡ್ಡ ಬಂದಳು.

"ಮಾವ, ಇದನ್ನ ನನಗೆ ಬಿಡಿ."

"ಸದ್ದಿನ ಮೂಲ ಹಿಡಿದ್ರೆ ಇನ್ಮೇಲೆ ಗಾಡಿ ನಿನ್ನ ಕೈಗೆ. ಹಿಡೀಲಿಲ್ಲ ಅಂದ್ರೆ ಈ ಮಾತು ಇನ್ನೊಂದ್ಸಲ ಎತ್ತಬಾರದು."

ನನಗೆ ಮೈಯೆಲ್ಲ ಉರಿದುಹೋಯಿತು. ಹೀಗೂ ಪಣ ಕಟ್ಟುತ್ತಾರೆಯೇ? ಅವಳು ಮಾತ್ರ "ಆಯ್ತು" ಎಂದು ಸೆರಗು ಸಿಕ್ಕಿಸಿದಳು.

ಎಂಜಿನ್ ಓಡುತ್ತಿರುವಾಗಲೇ, ಗಾಜು ಒರೆಸಲು ಇಟ್ಟಿದ್ದ ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಒಳಮೈಗೆ ನೀರು ಚಿಮುಕಿಸಿದಳು. ಸದ್ದು ಟಕ್ಕನೆ ನಿಂತಿತು. ನೀರು ಆರುತ್ತಿದ್ದಂತೆ ಮತ್ತೆ ಚಿಂವ್.

"ಬೆಲ್ಟು ಸಡಿಲ ಇದ್ದಿದ್ರೆ ನೀರು ಬಿದ್ದಾಗ ಇನ್ನೂ ಜೋರಾಗಿ ಕಿರುಚ್ತಿತ್ತು. ಇದು ಎಲ್ಲೋ ಓರೆ ಓಡ್ತಿದೆ" ಎಂದಳು.

ಎಂಜಿನ್ ಆರಿಸಿ ಬೆಲ್ಟು ಬಿಚ್ಚಿದಳು. ಒಂದೊಂದು ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿದಳು. ಎಲ್ಲವೂ ನಯವಾಗಿ ತಿರುಗಿದವು. ಕೊನೆಗೆ ಉದ್ದನೆಯ ಉಕ್ಕಿನ ಪಟ್ಟಿಯನ್ನು ಪುಲ್ಲಿಗಳ ಮುಖಕ್ಕೆ ಅಡ್ಡ ಹಿಡಿದಳು. ಹೊಸ ಸಣ್ಣ ಪುಲ್ಲಿ ಎರಡು ಮಿಲಿಮೀಟರ್ ಹೊರಗೆ ಚಾಚಿತ್ತು. ಅದನ್ನು ಬಿಚ್ಚಿದರೆ, ಹಿಂದೆ ಒಂದು ದಪ್ಪ ವಾಷರ್.

ಅದು ಯಾರ ಕೈಚಳಕವೆಂದು ನನಗೆ ತಕ್ಷಣ ಗೊತ್ತಾಯಿತು. ಬೋಲ್ಟು ಕಂಡಲ್ಲಿ ವಾಷರ್ ತುರುಕದಿದ್ದರೆ ಅಪ್ಪನಿಗೆ ಸಮಾಧಾನವಿಲ್ಲ. ಕಾರು ಮಾಡಿದವರು ಹಾಕದ ಕಡೆಯೂ ತಮ್ಮದೊಂದು ಇರಲೇಬೇಕು. ಆ ಪುಲ್ಲಿ ಕೂರಿಸಿದವರು ಅವರೇ. ನಾನಾಗಿದ್ದರೆ ಬೀದಿಗೆಲ್ಲ ಕೇಳುವಂತೆ ಕೂಗಿಬಿಡುತ್ತಿದ್ದೆ. ಅತ್ತಿಗೆಯೋ ವಾಷರನ್ನು ಅಪ್ಪನ ಅಂಗೈಗೆ ಇಟ್ಟು, ಪುಲ್ಲಿ ಕೂರಿಸಿ, ಬೆಲ್ಟು ಹಾಕಿ, ಕೀಲಿ ತಿರುಗಿಸಿದಳು. ಎಂಜಿನ್ ಓಡಿತು. ನೀರು ಬೇಕಾಗಲಿಲ್ಲ, ಏನೂ ಬೇಕಾಗಲಿಲ್ಲ; ಚಿಂವ್ ಇಲ್ಲವೇ ಇಲ್ಲ.

"ಅಬ್ಬಾ! ಏನಾಗಿತ್ತು ಇದಕ್ಕೆ?" ಎಂದು ಸ್ಕೂಲಿನವರು ಬಗ್ಗಿ ನೋಡಿದರು.

"ಏನೋ ಸಣ್ಣದು ಸಾರ್..." ಎಂದು ಅತ್ತಿಗೆ ತೇಲಿಸಲು ನೋಡಿದಳು.

"ಸಣ್ಣದೇನು ಬಂತು?" ಅಪ್ಪ ಗದರಿದರು. ಅಂಗೈ ಬಿಡಿಸಿ ಎಲ್ಲರೆದುರೂ ಚಾಚಿದರು. "ಇದನ್ನ ಅಲ್ಲಿ ತುರುಕಿದೋನು ನಾನು. ಇಷ್ಟು ದಿನ ತಿಣುಕಾಡಿದ್ರೂ ನನಗೆ ಸಿಗಲಿಲ್ಲ. ನನ್ನ ಸೊಸೆ ಅರ್ಧ ಗಂಟೇಲಿ ಹಿಡಿದ್ಲು."

ನನ್ನ ಅಪ್ಪ ತಪ್ಪು ಒಪ್ಪಿಕೊಂಡದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅತ್ತಿಗೆಯ ಮೇಲೆ ಬಂದಷ್ಟೇ ಹೆಮ್ಮೆ ಅವರ ಮೇಲೂ ಬಂತು, ಸುಳ್ಳೇಕೆ ಹೇಳಲಿ.

ಸ್ಕೂಲಿನವರು ಕಾರು ಹತ್ತಿದರು. "ನಮ್ಮದು ಇನ್ನೆರಡು ಗಾಡಿ ಇದೆ, ನಾಳೆ ಕಳಿಸ್ತೀನಿ. ಮೇಸ್ತ್ರಿ, ನೀವು ಇರ್ತೀರಲ್ಲ?"

"ಮೇಸ್ತ್ರಿ ಇರ್ತಾರೆ" ಎಂದರು ಅಪ್ಪ. "ಅಗೋ, ಅಲ್ಲಿ ಕೈ ತೊಳೀತಾ ಇದ್ದಾರಲ್ಲ, ಅವರನ್ನೇ ಕೇಳಿ."