ನೆಟ್ಟಗೆ ನಿಂತ ಟ್ರೇಲರ್

ಎರಡು ದಿನದಿಂದ ನಾನು "ಕ್ಯಾಂಪಿಂಗೇ ಮಜಾ" ಎನ್ನುತ್ತಿದ್ದೆ. ನಿಜವೆಂದರೆ, ಬಯಲಲ್ಲಿ ಕಾರಿನ ಹಿಂದೆ ಕಟ್ಟಿದ ಟ್ರೇಲರನ್ನು ರಿವರ್ಸ್ ತೆಗೆಯಬೇಕಿಲ್ಲ. ಇವತ್ತು ಟೌಪೊ ಎಂಬ ಊರು ಬಂದಾಗ ಹೆಂಡತಿ ಸುಮಾ ನನ್ನ ಮಾತು ಕೇಳಲಿಲ್ಲ.

"ಬಿಸಿನೀರ ಸ್ನಾನ ಬೇಕು ಕಣೋ. ಮೋಟೆಲ್‌ಗೇ ಹೋಗೋಣ."

ಮೋಟೆಲ್ ಅಂಗಳ ಇಕ್ಕಟ್ಟು. ವಿಡಿಯೊ ನೋಡಿ ಕಲಿತ ನಾನು ನಾಲ್ಕು ಸಲ ರಿವರ್ಸ್ ತೆಗೆದೆ. ನಾಲ್ಕು ಸಲವೂ ಟ್ರೇಲರ್ ಗುಲಾಬಿ ಗಿಡಗಳತ್ತಲೇ ಹೊರಟಿತು.

"ಇಳಿ, ನಾನ್ ನೋಡ್ತೀನಿ" ಎಂದು ಸುಮಾ ಡ್ರೈವರ್ ಸೀಟಲ್ಲಿ ಕೂತಳು. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಬಲಕ್ಕೆ. ದಾರಿಯುದ್ದಕ್ಕೂ ನಾನು ಕೊರೆದಿದ್ದ ಪಾಠ. ಒಂದೇ ಸಲಕ್ಕೆ ನೆಟ್ಟಗೆ ಒಳಗಿಟ್ಟಳು. ಮೋಟೆಲ್ ನಡೆಸುವ ಆಂಟಿ ಚಪ್ಪಾಳೆ ತಟ್ಟಿದರು.

"ಹೇಳ್ಕೊಟ್ಟಿದ್ದು ನನ್ ಗಂಡ ಅನ್ನು ಅವರಿಗೆ" ಎಂದೆ.

"ನೀನೇ ಹೇಳ್ಕೋ. ಹೇಳೋದ್ರಲ್ಲಿ ನೀನು ಎಕ್ಸ್‌ಪರ್ಟು."

ಈಗ ಅವಳು ಬಿಸಿನೀರಲ್ಲಿ ಹಾಡುತ್ತಿದ್ದಾಳೆ. ನಾನು ಟ್ರೇಲರ್ ತುಸುವಾದರೂ ಸೊಟ್ಟಗಿದೆಯೇ ಎಂದು ಕಿಟಕಿಯಿಂದ ಮೂರನೇ ಸಲ ನೋಡಿದೆ. ಇಲ್ಲ.