ಅಣ್ಣನ ಬೆನ್ನು ತಟ್ಟದ ಸಂಜೆ

ಅಣ್ಣನ ಬೆನ್ನು ತಟ್ಟಬೇಕಾಗಿದ್ದ ಹೊತ್ತಿನಲ್ಲಿ ನಾನು ತಟ್ಟಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ತಟ್ಟಿದೆ ಎಂದು ಹೇಳಿದೆ.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆಮೇಲೆ ಅಣ್ಣ ನೇಯುತ್ತಿದ್ದ ಕಡೆಯೇ ಕಂಡಿಕೆ ಸುತ್ತಲು ಸೇರಿದೆ. ನೂಲನ್ನು ಸಣ್ಣ ಕೊಳವೆಗಳಿಗೆ ಸುತ್ತಿ ಮಗ್ಗದವರಿಗೆ ಕೊಡುವ ಕೆಲಸ. ಮನೆ ರಬಕವಿಯಲ್ಲಿ, ಮಗ್ಗ ಬನಹಟ್ಟಿಯಲ್ಲಿ. ಅಣ್ಣ ಸೈಕಲ್ ತುಳಿಯುತ್ತಿದ್ದ; ನಾನು ಹಿಂದೆ ಕ್ಯಾರಿಯರ್ ಮೇಲೆ, ತೊಡೆಯ ಮೇಲೆ ಬುತ್ತಿ ಗಂಟು.

ಕರೆಂಟಿನ ಮಗ್ಗಗಳ ಸದ್ದಿನಲ್ಲಿ ವರ್ಷಗಟ್ಟಲೆ ನಿಂತು ಅಣ್ಣನ ಕಿವಿ ಮಂದವಾಗಿದ್ದವು. ರಸ್ತೆಯಲ್ಲಿ ಹಾರ್ನು ಕೇಳುತ್ತಿರಲಿಲ್ಲ. ಹೀಗಾಗಿ ಹಿಂದಿನಿಂದ ಲಾರಿಯೋ ಬಸ್ಸೋ ಬಂದರೆ ನಾನು ಬೆನ್ನು ತಟ್ಟುವುದು, ಅವನು ಎಡಕ್ಕೆ ಸರಿಯುವುದು. ಸಂತೆಯ ದಿನವಂತೂ ಅಂಗೈ ಉರಿಯುತ್ತಿತ್ತು.

“ನನ್ನ ಬೆನ್ನೇನು ಹಲಗಿ ಏನಬೇ, ಹಿಂಗ ಬಡೀತಿ?” ಎಂದು ನಗುತ್ತಿದ್ದ.

ಆ ದಿನ ನಾನು ಸುತ್ತಿದ ಕಂಡಿಕೆ ಸಡಿಲಾಗಿ ಎಳೆ ಮೇಲಿಂದ ಮೇಲೆ ಹರಿಯಿತು. ಅಣ್ಣ ಮಗ್ಗ ನಿಲ್ಲಿಸಿ ಬಂದು ಎಲ್ಲರೆದುರು ಒದರಿದ: “ಕೈಯಾಗ ಜೀವ ಐತೋ ಇಲ್ಲೋ? ಇದಕ್ಕ ಕಂಡಿಕಿ ಅನ್ನೂದಿಲ್ಲ, ಗುಬ್ಬಿ ಗೂಡ ಅಂತಾರ!”

ನನ್ನ ಜೊತೆ ಕಂಡಿಕೆ ಸುತ್ತುತ್ತಿದ್ದ ಹೆಂಗಸರು ನಕ್ಕರು. ಕಿವಿ ಕೇಳದವನ ಮಾತು ಯಾವಾಗಲೂ ಜೋರು ಎಂಬುದು ನನಗೆ ಗೊತ್ತಿತ್ತು. ಆದರೂ ಸಂಜೆ ಮುಖ ಉಬ್ಬಿಸಿಕೊಂಡು ಕ್ಯಾರಿಯರ್ ಮೇಲೆ ಕೂತೆ.

ಕೆಲಸ ಬಿಟ್ಟ ಹೊತ್ತು, ರಸ್ತೆ ತುಂಬ ಸೈಕಲ್ಲು, ಕಬ್ಬಿನ ಗಾಡಿ, ನೂಲಿನ ಕೈಗಾಡಿ. ಹಿಂದೆ ಲಾರಿ ಹಾರ್ನ್ ಹಾಕಿತು. ಮತ್ತೆ ಹಾಕಿತು. ತಾನೇ ನೋಡಿಕೊಳ್ಳಲಿ ಅಂದುಕೊಂಡು ಸುಮ್ಮನಿದ್ದೆ. ಅಣ್ಣ ಕೈಗಾಡಿ ದಾಟಲು ಬಲಕ್ಕೆ ಹೊರಳಿಸಿದ. ಲಾರಿ ಹ್ಯಾಂಡಲ್ಲಿಗೆ ತಾಗಿ ಇಬ್ಬರೂ ಬಿದ್ದೆವು. ನನ್ನ ಮೊಣಕಾಲು ತರಚಿತು, ಅಷ್ಟೆ. ಅಣ್ಣನ ಮಣಿಕಟ್ಟು ಮುರಿಯಿತು.

“ಹಿಂದ ಕುಂತು ನಿದ್ದಿ ಹೊಡಿಯಾಕತ್ತಿದ್ದೇನಬೇ?” ಎಂದ ಲಾರಿಯವನು.

“ನಾ ಬಡದೆ. ಅವಂಗ ತಿಳೀಲಿಲ್ಲ” ಎಂದೆ.

ಅದನ್ನೇ ಮನೆಯಲ್ಲಿ ಅಣ್ಣನ ಕಿವಿಗೆ ಬಾಯಿ ಹಚ್ಚಿ ಹೇಳಿದೆ. ಅವನು ನಂಬಿದ. “ಈಗ ಬೆನ್ನಿಗೂ ಕಿವುಡ ಬಂತ ನೋಡು. ನಿನ್ನ ಕೊಂದ ಬಿಡ್ತಿದ್ದೆನಲ್ಲಬೇ.”

ಕೈ ಸೊಟ್ಟಗೆ ಕೂಡಿತು. ಮಗ್ಗಕ್ಕೆ ಮರಳಿದ, ಸೈಕಲ್ ಮಾತ್ರ ಹತ್ತಲಿಲ್ಲ. ಅಂದಿನಿಂದ ಇಬ್ಬರೂ ನಡೆದೇ ಹೋದೆವು, ನಡೆದೇ ಬಂದೆವು. ದಿನವೆಲ್ಲ ನಿಂತ ಕಾಲು ಎಳೆದು ಹಾಕುತ್ತ ಅವನು ಮುಂದೆ, ನಾನು ಹಿಂದೆ. ಇವತ್ತು ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಮನೆ ಬಂದುಬಿಡುತ್ತಿತ್ತು.

ಮದುವೆಯಾಗಿ ಚಿಮ್ಮಡಕ್ಕೆ ಹೋದೆ. ಬಹಳ ವರ್ಷಗಳ ಮೇಲೆ ಒಂದು ಮಧ್ಯಾಹ್ನ ತವರಿಗೆ ಬಂದಾಗ ಅಣ್ಣ ಕಟ್ಟೆಯ ಮೇಲೆ ಕೂತು ಒಡೆದ ಹಿಮ್ಮಡಿಗೆ ಎಣ್ಣೆ ತಿಕ್ಕುತ್ತಿದ್ದ. ನೆರೆಮನೆಯವನು ಸನ್ನೆ ಮಾಡುತ್ತ, “ಎಷ್ಟಂತ ನಡೀತಿಯೋ ಮಾರಾಯಾ, ಸೈಕಲ್ ತಗಿ” ಎಂದ.

“ಬ್ಯಾಡಪಾ. ತಂಗಿ ಬಡದ್ರೂ ತಿಳೀಲಾರದಾಂವ ನಾ. ಪುಣ್ಯಾ, ಆಕಿ ಉಳದ್ಲು” ಎಂದ ಅಣ್ಣ.

ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದೆ. ಅವನಿಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳಿದೆ.

“ಏನಂತಿ? ಜೋರ ಹೇಳಬೇ!”

ಅಷ್ಟರಲ್ಲಿ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತವು. ಜನ ಬಾಗಿಲಿಗೆ ಬಂದರು. ಇನ್ನು ತಡೆದರೆ ಸಾಯುವ ತನಕ ಹೇಳಲಾರೆ ಅನ್ನಿಸಿ, ಎದ್ದು ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದೆ: “ಅವತ್ತ ನಾ ಬಡೀಲಿಲ್ಲೋ ಅಣ್ಣಾ! ಸಿಟ್ಟಿಲೆ ಸುಮ್ಮನ ಕುಂತಿದ್ದೆ. ಸುಳ್ಳ ಹೇಳಿದೆ. ನಿಂದೇನೂ ತಪ್ಪಿಲ್ಲ. ನಂದು ತಪ್ಪಾತೋ, ಅಣ್ಣಾ, ತಪ್ಪಾತು!”